ಪ್ರಬಲ ಲೇಸರ್ ಮತ್ತು ಪರಮಾಣುವಿನ ಎಲೆಕ್ಟ್ರಾನ್

ನ್ಯೂಕ್ಲಿಯಸ್ಸಿನ ಹಿಡಿತಕ್ಕೆ ಸವಾಲೊಡ್ಡುವಷ್ಟು ಪ್ರಖರವಾದ ಬೆಳಕಿಗೆ ಸಿಕ್ಕಿದ ಎಲೆಕ್ಟ್ರಾನ್ ಏನಾಗುತ್ತದೆ ಎಂಬುದನ್ನು ಅಭ್ಯಸಿಸುವ ಶಾಖೆ ಪ್ರಬಲ ಕ್ಷೇತ್ರ ಭೌತವಿಜ್ಞಾನ. ಹೈಡ್ರೊಜನ್ ಪರಮಾಣುವಿನಲ್ಲಿ ಈ ಹಿಡಿತ ಮೀಟರಿಗೆ ಸುಮಾರು 51,000 ಕೋಟಿ ವೋಲ್ಟ್‌ನಷ್ಟು ಬಿಗಿ. ಅದಕ್ಕೆ ಸರಿಗಟ್ಟುವ ವಿದ್ಯುತ್ ಕ್ಷೇತ್ರ ಬೆಳಕಿನಲ್ಲಿರಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 350 ಕೋಟಿ ಕೋಟಿ ವ್ಯಾಟ್ ತೀವ್ರತೆ ಬೇಕು. ಅದರ ನೂರನೇ ಒಂದು ಪಾಲು ಇದ್ದರೂ ಎಲೆಕ್ಟ್ರಾನಿನ ನಡವಳಿಕೆ ಬದಲಾಗತೊಡಗುತ್ತದೆ.

ಸಾಧಾರಣ ಬೆಳಕಿನ ವ್ಯವಹಾರ ಬಿಡಿ ಬಿಡಿ ಫೋಟಾನುಗಳದ್ದು, ಅಂದರೆ ಬೆಳಕಿನ ಕಣಗಳದ್ದು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನ ಸಭೆಯಲ್ಲಿ ತಮ್ಮ ಹೊಸ ವಿಕಿರಣವನ್ನು ವಿವರಿಸಿದಾಗ ಲೇಸರ್ ಇನ್ನೂ ಹುಟ್ಟಿರಲಿಲ್ಲ. ಅವರು ಕಂಡ ಚದುರುವಿಕೆ ಸುಮಾರು ಕೋಟಿಗೊಂದು ಫೋಟಾನಿನದು. ಒಂದೇ ಏಟಿಗೆ ಎರಡು ಫೋಟಾನುಗಳನ್ನು ಪರಮಾಣು ನುಂಗಬಲ್ಲದೆಂದು 1931ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಲೆಕ್ಕ ಹಾಕಿದರು. 1960ರಲ್ಲಿ ಲೇಸರ್ ಬಂದ ಮೇಲೆ ಅದು ಪ್ರಯೋಗಕ್ಕೆ ಎಟುಕಿತು. 800 ನ್ಯಾನೊಮೀಟರಿನ ಕೆಂಪಂಚಿನ ಬೆಳಕಿನಿಂದ ಹೈಡ್ರೊಜನ್ನಿನ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಕನಿಷ್ಠ ಒಂಬತ್ತು ಫೋಟಾನು ಬೇಕು. 1979ರಲ್ಲಿ ಪಿಯರ್ ಅಗೊಸ್ತಿನಿ ಮತ್ತು ಸಂಗಡಿಗರು ಫ್ರಾನ್ಸಿನಲ್ಲಿ ಕಂಡದ್ದು ಇನ್ನೂ ವಿಚಿತ್ರ: ಬಿಡುಗಡೆಗೆ ಬೇಕಾದುದಕ್ಕಿಂತ ಹೆಚ್ಚು ಫೋಟಾನುಗಳನ್ನು ಎಲೆಕ್ಟ್ರಾನ್ ಹೀರಿಕೊಂಡಿತ್ತು.

ಆದರೆ ಇಂಥ ತೀವ್ರತೆಗೆ ಹೋದರೆ ಲೇಸರಿನ ಗಾಜು, ಹರಳುಗಳೇ ಸುಟ್ಟುಹೋಗುತ್ತಿದ್ದವು. 1985ರಲ್ಲಿ ಡೊನ್ನಾ ಸ್ಟ್ರಿಕ್ಲ್ಯಾಂಡ್ ಮತ್ತು ಜೆರಾರ್ ಮೂರು ಇದಕ್ಕೊಂದು ಉಪಾಯ ಹುಡುಕಿದರು. ಬೆಳಕಿನ ಸ್ಪಂದವನ್ನು ಮೊದಲು ಕಾಲದಲ್ಲಿ ಎಳೆದು ತೆಳುವಾಗಿಸು, ಆಮೇಲೆ ವರ್ಧಿಸು, ಕೊನೆಗೆ ಮತ್ತೆ ಹಿಂಡು. ಇದಕ್ಕೆ 2018ರ ನೊಬೆಲ್ ಸಂದಿತು.

800 ನ್ಯಾನೊಮೀಟರಿನ ಬೆಳಕಿನ ಒಂದು ಆವರ್ತದ ಅವಧಿ ಸುಮಾರು 2.7 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು). ಕ್ಷೇತ್ರ ಉಬ್ಬಿದಾಗ ನ್ಯೂಕ್ಲಿಯಸ್ಸಿನ ಗೋಡೆ ತೆಳುವಾಗಿ, ಎಲೆಕ್ಟ್ರಾನ್ ಕ್ವಾಂಟಮ್ ಸುರಂಗದ ಮೂಲಕ ನುಸುಳುತ್ತದೆ. ಲಿಯೊನಿದ್ ಕೆಲ್ದಿಶ್ ಇದರ ಸಿದ್ಧಾಂತವನ್ನು 1964ರಲ್ಲೇ ಕೊಟ್ಟಿದ್ದರು. ಕ್ಷೇತ್ರ ದಿಕ್ಕು ತಿರುಗಿಸಿದಾಗ ಎಲೆಕ್ಟ್ರಾನೂ ತಿರುಗುತ್ತದೆ. ಅಂಕೋಲೆಯ ದಂಡೆಯಲ್ಲಿ ತೆರೆಯೊಂದು ತೆಂಗಿನಕಾಯಿಯನ್ನು ಎಳೆದೊಯ್ದು, ಮತ್ತೆ ತಂದು ದಡಕ್ಕೆ ಬಡಿಯುವ ಹಾಗೆ. ತಾನು ಬಿಟ್ಟು ಬಂದ ಅಯಾನಿಗೆ ಮರಳಿ ಸೇರುವಾಗ, ಗಳಿಸಿದ ಶಕ್ತಿಯನ್ನೆಲ್ಲ ಅತಿನೇರಳೆ ಬೆಳಕಾಗಿ ಚೆಲ್ಲುತ್ತದೆ. ಆನ್ ಲ್ಯುಲಿಯೆ ಮತ್ತು ಸಂಗಡಿಗರು 1987ರಲ್ಲಿ ಜಡ ಅನಿಲಗಳಲ್ಲಿ ಈ ಬೆಳಕನ್ನು ಅಭ್ಯಸಿಸಿದರು. ನುಸುಳುವುದು, ತಿರುಗುವುದು, ಮರಳಿ ಸೇರುವುದು ಎಂಬ ಈ ಮೂರು ಹಂತಗಳ ಸರಳ ವಿವರಣೆಯನ್ನು 1993ರಲ್ಲಿ ಪಾಲ್ ಕಾರ್ಕಮ್ ಕೊಟ್ಟರು.

ಪ್ರಬಲ ಬೆಳಕಿನ ಅಧ್ಯಯನ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಫೆಮ್ಟೊಸೆಕೆಂಡ್ ಲೇಸರ್ ಸ್ಪಂದಗಳನ್ನು ಲೋಹಗಳ ಮೇಲೆ ಹಾಯಿಸಿ, ಹೊಮ್ಮುವ ಪ್ಲಾಸ್ಮಾವನ್ನು ಪರಿಶೀಲಿಸಲಾಗಿದೆ. ಇನ್ನೂ ಪ್ರಖರ ಬೆಳಕಿನಡಿ ಘನವಸ್ತುಗಳು ಹೇಗೆ ವರ್ತಿಸುತ್ತವೆಂದು ಶೋಧಿಸಿದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜಿ. ರವೀಂದ್ರ ಕುಮಾರ್ ಅವರಿಗೆ 2015ರ ಇನ್ಫೋಸಿಸ್ ಪ್ರಶಸ್ತಿ ಬಂತು.

ಅಯಾನಿಗೆ ಮರಳಿ ಬಂದ ಎಲೆಕ್ಟ್ರಾನ್ ಚೆಲ್ಲುವ ಬೆಳಕಿನಿಂದಲೇ 2001ರಲ್ಲಿ ಅಗೊಸ್ತಿನಿ 250 ಅಟೊಸೆಕೆಂಡ್ (ಅಟೊಸೆಕೆಂಡ್ ಎಂದರೆ ಫೆಮ್ಟೊಸೆಕೆಂಡಿನ ಸಾವಿರದೊಂದು ಪಾಲು) ಸ್ಪಂದಗಳ ಸಾಲನ್ನೂ ಫೆರೆಂಕ್ ಕ್ರೌಸ್ 650 ಅಟೊಸೆಕೆಂಡಿನ ಒಂಟಿ ಸ್ಪಂದವನ್ನೂ ಪಡೆದರು. ಇವರಿಬ್ಬರಿಗೂ ಲ್ಯುಲಿಯೆ ಅವರಿಗೂ 2023ರ ನೊಬೆಲ್ ಹಂಚಿಹೋಯಿತು. ಇಂಥ ಸ್ಪಂದಗಳಿಂದ, ನಿಯಾನಿನ ಎರಡು ಬಗೆಯ ಎಲೆಕ್ಟ್ರಾನುಗಳು ಹೊರಬೀಳುವ ಕಾಲದ ಅಂತರ 21 ಅಟೊಸೆಕೆಂಡ್ ಎಂದು 2010ರಲ್ಲಿ ಅಳೆಯಲಾಗಿತ್ತು. ಸಿದ್ಧಾಂತ ಅಷ್ಟು ಹೇಳುತ್ತಿರಲಿಲ್ಲ. 2017ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಲ್ಯುಲಿಯೆ ಅವರ ತಂಡ ಮತ್ತೆ ಅಳೆದಾಗ ಉತ್ತರ ಸಿದ್ಧಾಂತಕ್ಕೆ ತಾಳೆಯಾಯಿತು.