ಸಾಂಟಾ ಫೆ ನಗರವೂ ಓಹೋ ಕಾಲಿಯೆಂಟೆಯ ಬಿಸಿನೀರ ಬುಗ್ಗೆಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ ನ್ಯೂ ಮೆಕ್ಸಿಕೋ ಎಂಬ ಸಂಸ್ಥಾನವುಂಟು. ಅದರ ರಾಜಧಾನಿ ಸಾಂಟಾ ಫೆ. ಸಮುದ್ರಮಟ್ಟಕ್ಕೆ ಸುಮಾರು 7,000 ಅಡಿ ಎತ್ತರದ ಒಣನೆಲದಲ್ಲಿ ಈ ನಗರವಿರುವುದು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 14 ಅಂಗುಲಗಳಷ್ಟು ಮಾತ್ರ. ಮಣ್ಣಿನ ಬಣ್ಣದ ಮನೆಗಳು, ಸಾಲುಸಾಲಾದ ಚಿತ್ರಶಾಲೆಗಳು, ವಸ್ತುಸಂಗ್ರಹಾಲಯಗಳು ಇವುಗಳನ್ನು ನೋಡಿ, ಉತ್ತರಕ್ಕೆ ಸುಮಾರು 50 ಮೈಲಿ ಸಾಗಿ ಓಹೋ ಕಾಲಿಯೆಂಟೆಯ ಬಿಸಿನೀರಿನಲ್ಲಿ ಮಿಂದು ಹಿಂದಿರುಗುವುದು ಈಗಿನ ಪ್ರವಾಸಿಗಳ ವಾಡಿಕೆ. ಇದು ಕಾಲವು ಮುಟ್ಟದ ನಾಡೆಂದು ಅವರಿಗೆ ಹೇಳುವರು. ಕಾಲವು ಇಷ್ಟು ಒರಟಾಗಿ ಮುಟ್ಟಿದ ನಾಡುಗಳು ವಿರಳವೆಂಬುದನ್ನು ಹೇಳುವವರು ಕಡಿಮೆ.

ಸ್ಪೇನಿನವರು ಸಾಂಟಾ ಫೆಯನ್ನು ರಾಜಧಾನಿಯಾಗಿ ಸ್ಥಾಪಿಸಿದುದು 1610ರ ಸುಮಾರಿನಲ್ಲಿ. ಅಧಿಪತಿ ಪೆದ್ರೋ ದೆ ಪೆರಾಲ್ತಾ. ಆಗ ಕಟ್ಟತೊಡಗಿದ ಅಧಿಪತಿಯ ಅರಮನೆಯು ಇಂದಿಗೂ ಚೌಕದ ಉತ್ತರಕ್ಕೆ ನಿಂತಿದೆ. ಆದರೆ ಆ ನೆಲ ಬರಿದಾಗಿರಲಿಲ್ಲ. ಹಸಿಯಿಟ್ಟಿಗೆಯ ಮಹಡಿ ಮನೆಗಳಲ್ಲಿ ವಾಸಿಸುತ್ತ, ಮೆಕ್ಕೆಜೋಳ ಬೆಳೆಯುತ್ತ, ಮಡಕೆ ಮಾಡುತ್ತ ಬಾಳಿದ್ದ ಜನರ ಗ್ರಾಮಗಳು ರಿಯೋ ಗ್ರಾಂಡೆ ನದಿಯುದ್ದಕ್ಕೂ ಇದ್ದವು. ಗ್ರಾಮವೆಂಬ ಅರ್ಥದ ಸ್ಪಾನಿಷ್ ಶಬ್ದದಿಂದಲೇ ಅವರಿಗೆ ಪ್ವೆಬ್ಲೋ ಜನರೆಂದು ಹೆಸರಾಯಿತು. ಸ್ಪೇನಿನವರು ಅವರಿಂದ ಧಾನ್ಯವನ್ನು ಕಿತ್ತರು, ಬಿಟ್ಟಿ ದುಡಿಸಿಕೊಂಡರು, ಅವರ ದೇವತಾಕಾರ್ಯಗಳನ್ನು ನಿಷೇಧಿಸಿದರು. 1675ರಲ್ಲಿ 47 ಮಂದಿ ಪೂಜಾರಿಗಳನ್ನು ಮಾಟಗಾರರೆಂಬ ಆರೋಪದಿಂದ ಹಿಡಿತಂದು, ಕೆಲವರನ್ನು ಗಲ್ಲಿಗೇರಿಸಿ, ಉಳಿದವರನ್ನು ಚಾಟಿಯಿಂದ ಹೊಡೆಸಿದರು. ಹಾಗೆ ಏಟು ತಿಂದವರಲ್ಲಿ ಪೋಪೇ ಎಂಬವನೊಬ್ಬನು.

ಐದು ವರ್ಷಗಳ ತರುವಾಯ ಈ ಪೋಪೇಯೇ ದಂಗೆಯ ಮುಂದಾಳಾದನು. ಲಿಪಿಯಿಲ್ಲದ, ಭಾಷೆಗಳು ಬೇರೆಬೇರೆಯಾದ, ನೂರಾರು ಮೈಲಿ ಹರಡಿದ ಗ್ರಾಮಗಳಿಗೆ ಒಂದೇ ದಿನವನ್ನು ತಿಳಿಸುವುದೆಂತು? ಗಂಟು ಹಾಕಿದ ಹಗ್ಗಗಳನ್ನು ಓಟಗಾರರ ಕೈಯಲ್ಲಿ ಕಳುಹಿಸಿದರು. ದಿನಕ್ಕೊಂದರಂತೆ ಗಂಟು ಬಿಚ್ಚುತ್ತ ಹೋಗಿ, ಗಂಟುಗಳು ಮುಗಿದ ದಿನ ಏಳಬೇಕು. ಇಬ್ಬರು ಓಟಗಾರರು ಸಿಕ್ಕಿಬಿದ್ದುದರಿಂದ ದಂಗೆ ನಿಶ್ಚಿತ ದಿನಕ್ಕಿಂತ ಮೊದಲೇ, 1680ರ ಆಗಸ್ಟ್ 10ರಂದು ಎದ್ದಿತು. ಸುಮಾರು 400 ಮಂದಿ ಸ್ಪಾನಿಷರು ಹತರಾದರು. ಅವರಲ್ಲಿ 21 ಮಂದಿ ಪಾದ್ರಿಗಳು. ಉಳಿದವರಲ್ಲಿ ಸುಮಾರು ಸಾವಿರ ಮಂದಿ ಅರಮನೆಯೊಳಗೆ ಸೇರಿಕೊಂಡರು. ಮುತ್ತಿಗೆ ಹಾಕಿದವರು ಊರಿಗೆ ಬರುವ ನೀರಿನ ಕಾಲುವೆಯನ್ನು ಕಡಿದುಬಿಟ್ಟರು. ಒಣನಾಡಿನಲ್ಲಿ ಅದಕ್ಕಿಂತ ಹರಿತವಾದ ಆಯುಧವಿಲ್ಲ. ಆಗಸ್ಟ್ 21ರಂದು ಸ್ಪೇನಿನವರು ನಗರವನ್ನು ಬಿಟ್ಟು ದಕ್ಷಿಣಕ್ಕೆ ನಡೆದರು. ಮುಂದಿನ 12 ವರ್ಷ ಪ್ವೆಬ್ಲೋ ಜನರೇ ಅರಮನೆಯನ್ನು ತಮ್ಮ ಮಹಡಿ ಮನೆಗಳಾಗಿ ಮಾರ್ಪಡಿಸಿಕೊಂಡು ವಾಸಿಸಿದರು. 1692ರಲ್ಲಿ ಡಿಯೇಗೋ ದೆ ವಾರ್ಗಾಸನು ಮರಳಿ ಬಂದನು. ಸ್ಪೇನಿನ ಆಳ್ವಿಕೆ ಮತ್ತೆ ನೆಲೆಗೊಂಡಿತಾದರೂ ಜನರ ಕುಣಿತ, ಪೂಜೆಗಳನ್ನು ಬೇರುಸಹಿತ ಕೀಳುವ ಹಠ ಹಿಂದಿನಂತೆ ಉಳಿಯಲಿಲ್ಲ. ಆ ಗ್ರಾಮಗಳ ಕಲೆ ಇಂದಿಗೂ ಜೀವಂತವಾಗಿರುವುದಕ್ಕೆ ಈ ದಂಗೆಯೂ ಒಂದು ಕಾರಣವೆಂದರೆ ತಪ್ಪಾಗದು.

1821ರಲ್ಲಿ ನಾಡು ಮೆಕ್ಸಿಕೋಗೆ ಸೇರಿತು. 1846ರಲ್ಲಿ ಅಮೆರಿಕಾದ ಸೇನೆ ಬಂದಿತು. ನಗರದ ಹೆಸರನ್ನೇ ಹೊತ್ತ ರೈಲು ಕಂಪೆನಿಯು 1880ರಲ್ಲಿ ತನ್ನ ಮುಖ್ಯಮಾರ್ಗವನ್ನು ಹಾಕುವಾಗ ಏರುದಾರಿಯ ದೆಸೆಯಿಂದ ಸಾಂಟಾ ಫೆಯನ್ನು ಬಿಟ್ಟು, 18 ಮೈಲಿಗಳ ಕವಲುದಾರಿಯೊಂದನ್ನು ಮಾತ್ರ ಕೊಟ್ಟಿತು. ವ್ಯಾಪಾರ ಬೇರೆಡೆಗೆ ಹೋಯಿತು. 1880ರಲ್ಲಿ 6,635 ಇದ್ದ ಜನಸಂಖ್ಯೆ 1910ಕ್ಕೆ 5,072ಕ್ಕೆ ಇಳಿಯಿತು. ಆಗ ಊರಿನ ಪ್ರಮುಖರಿಗೂ ಪುರಾತತ್ತ್ವಜ್ಞರಿಗೂ ಒಂದು ಉಪಾಯ ಹೊಳೆಯಿತು: ಹೊಸದಾಗಲಾರದ ಊರು ಹಳೆಯದಾಗಿಯೇ ಗೆಲ್ಲಬಹುದು. 1912ರ ನಗರಯೋಜನೆಯಲ್ಲಿ ಹಳೆಯ ಬೀದಿಗಳನ್ನೂ ಕಟ್ಟಡದ ರೀತಿಯನ್ನೂ ಕಾಪಾಡಬೇಕೆಂದು ವಿಧಿಸಿದರು. ಅರಮನೆಗೆ ಅಂಟಿಸಿದ್ದ ನವನಾಗರಿಕ ಮೊಗಸಾಲೆಯನ್ನು ಕಿತ್ತು, ಮರದ ಕಂಬಗಳ 'ಪುರಾತನ' ಮೊಗಸಾಲೆಯನ್ನು ಹೊಸದಾಗಿ ನಿಲ್ಲಿಸಿದರು. 1957ರಲ್ಲಿ ಇದೆಲ್ಲ ಕಾಯಿದೆಯೇ ಆಯಿತು. ಪ್ರವಾಸಿಯು ಕಂಡು ಬೆರಗಾಗುವ ಎಷ್ಟೋ ಮಣ್ಣಿನ ಗೋಡೆಗಳು ಒಳಗೆ ಸುಟ್ಟ ಇಟ್ಟಿಗೆಯವು, ಇಲ್ಲವೆ ಮರದ ಚೌಕಟ್ಟಿನವು. ಮೇಲಿರುವುದು ಮಣ್ಣಿನ ಬಣ್ಣದ ಗಾರೆ.

1917ರಲ್ಲಿ ಕಲಾಸಂಗ್ರಹಾಲಯವು ತೆರೆಯಿತು. ಪೂರ್ವಪ್ರಾಂತದ ಚಿತ್ರಕಾರರು, ಕ್ಷಯರೋಗಕ್ಕೆ ಒಣಹವೆ ಬಯಸಿ ಬಂದವರೂ ಸೇರಿ, ಇಲ್ಲಿ ನೆಲೆನಿಂತರು. ಅವರ ಕೀರ್ತಿ ಸರ್ವವಿದಿತ. ಆದರೆ ನಗರಕ್ಕೆ ವಾಯವ್ಯದಲ್ಲಿರುವ ಸಾನ್ ಇಲ್ದೆಫೋನ್ಸೋ ಗ್ರಾಮದ ಮರಿಯಾ ಮಾರ್ಟಿನೆಜ್ ಎಂಬ ಕುಂಬಾರಗಿತ್ತಿಯ ವಿಷಯದಲ್ಲಿ ಇನ್ನಷ್ಟು ನಿಲ್ಲುವುದು ಯುಕ್ತ. ಎಡ್ಗರ್ ಹ್ಯೂಯೆಟ್ ಎಂಬ ಪುರಾತತ್ತ್ವಜ್ಞನು ಅಗೆತದಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ತೋರಿಸಿ, ಅಂತಹ ಪಾತ್ರೆಗಳನ್ನು ಮಾಡಿಕೊಡಬಲ್ಲೆಯಾ ಎಂದು ಕೇಳಿದನು. ಆಕೆ ತಿಗುರಿಯಿಲ್ಲದೆ, ಜೇಡಿಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದಿಟ್ಟು ಪಾತ್ರೆಯನ್ನು ಎಬ್ಬಿಸಿ, ನುಣುಪುಗಲ್ಲಿನಿಂದ ಉಜ್ಜಿ ಹೊಳಪೇರಿಸುವಳು. ಗಂಡ ಹೂಲಿಯಾನನು ಚಿತ್ತಾರ ಬರೆಯುವನು. ಬೆರಣಿಯ ಬೆಂಕಿ ಕಾವೇರಿದಾಗ ಅದರ ಮೇಲೆ ಕುದುರೆಯ ಲದ್ದಿಯ ಪುಡಿಯನ್ನು ಸುರಿದು ಉಸಿರುಕಟ್ಟಿಸಿದರೆ, ಹೊಗೆ ಹೀರಿ ಕೆಂಪು ಮಣ್ಣು ಕಪ್ಪಾಗುವುದು. ಹೊಳೆಯುವ ಕಪ್ಪಿನ ಮೇಲೆ ಮಂಕುಗಪ್ಪಿನ ಚಿತ್ತಾರ ಮೂಡುವ ಈ ಬಗೆ 1919ರ ಸುಮಾರಿಗೆ ಇವರಿಗೆ ಸಾಧಿಸಿತು. ಮರಿಯಾ ಇದನ್ನು ಗುಟ್ಟಾಗಿಡದೆ ಊರವರಿಗೆಲ್ಲ ಕಲಿಸಿದಳು. ಕೊಳ್ಳುವವರು ಹೆಸರನ್ನು ಬಯಸಿದುದರಿಂದ ಪಾತ್ರೆಗಳ ಮೇಲೆ ರುಜು ಹಾಕತೊಡಗಿದಳು. ನೆರೆಯ ಹೆಂಗಸರು ತಂದ ಪಾತ್ರೆಗಳಿಗೂ ಕೇಳಿದರೆ ರುಜು ಹಾಕಿಕೊಡುತ್ತಿದ್ದಳೆಂದು ಹೇಳುವರು. ಸಂಗ್ರಾಹಕರಿಗೆ ಇದು ವಂಚನೆಯಂತೆ ಕಂಡಿತು. ಮಣ್ಣು ಊರಿನದು, ವಿದ್ಯೆ ಊರಿನದು ಎಂದು ಬಲ್ಲವಳಿಗೆ ಅದರಲ್ಲಿ ದೋಷ ಕಾಣಲಿಲ್ಲ. ಆಕೆ ತೀರಿಕೊಂಡುದು 1980ರಲ್ಲಿ.

ಇತ್ತ ನಗರದ ಕ್ಯಾನಿಯನ್ ರಸ್ತೆಯಲ್ಲಿ ಹಿಂದೆ ಸ್ಪಾನಿಷ್ ರೈತಮನೆತನಗಳು ಬಾಳುತ್ತಿದ್ದವು. ಈಗ ಅಲ್ಲಿರುವುವು ಚಿತ್ರಗಳ ಅಂಗಡಿಗಳು. ಕಲೆಯು ಬೆಲೆಯನ್ನು ಏರಿಸಿತು. ಆ ಬೆಲೆಯನ್ನು ತೆರಲಾರದವರು ಊರಂಚಿಗೆ ಸರಿದರು.

ಬಿಸಿನೀರಿನ ಕಥೆಯೂ ಇದೇ ಜಾಡಿನದು. ಓಹೋ ಕಾಲಿಯೆಂಟೆ ಎಂದರೆ ಬಿಸಿಯಾದ ಕಣ್ಣು. ಬಾವಿ ತೋಡುವವರು ನೀರಿನ ಕಣ್ಣು ಎನ್ನುವಂತೆಯೇ ಸ್ಪಾನಿಷ್ ಭಾಷೆಯಲ್ಲಿಯೂ ಒರತೆಗೆ ಕಣ್ಣೆಂಬ ಹೆಸರು. ರಿಯೋ ಗ್ರಾಂಡೆಯ ಪ್ರಾಂತದಲ್ಲಿ ಭೂಮಿಯೇ ಸೀಳಿ ಅಗಲಿದೆ; ಆಳಕ್ಕಿಳಿದ ನೀರು ಕಾದು, ಬಿರುಕುಗಳ ಮೂಲಕ ಲವಣಗಳನ್ನು ಕರಗಿಸಿಕೊಂಡು ಮೇಲೇರುವುದು. ಟೇವಾ ಭಾಷೆಯ ಪ್ವೆಬ್ಲೋ ಜನರ ಪೂರ್ವಿಕರು ಬುಗ್ಗೆಗಳ ಮೇಲಣ ದಿಬ್ಬದಲ್ಲಿ ಪೋಸಿ ಎಂಬ ದೊಡ್ಡ ಗ್ರಾಮವನ್ನು ಕಟ್ಟಿ 14, 15ನೆಯ ಶತಮಾನಗಳಲ್ಲಿ ಬಾಳಿದ್ದರು. ಅವರ ಪುರಾಣಪುರುಷನಾದ ಪೋಸೆಯೆಮುವಿನ ಅಜ್ಜಿ ಈ ನೀರಿನಲ್ಲಿ ವಾಸಿಸುವಳೆಂದು ಐತಿಹ್ಯ. ಸ್ಪಾನಿಷ್ ಒಕ್ಕಲುಗಳು 18ನೆಯ ಶತಮಾನದಲ್ಲಿ ಬಂದು, ಕಮಾಂಚೆ ಜನರ ದಾಳಿಗೆ ಹೆದರಿ ಊರು ಬಿಟ್ಟು, ಮರಳಿ ಬಂದು, 1793ರಲ್ಲಿ ಭೂದಾನ ಪಡೆದರು. 1807ರಲ್ಲಿ ಸ್ಪೇನಿನವರ ಸೆರೆಯಾಳಾಗಿ ಇತ್ತ ಹಾದುಹೋದ ಜೆಬ್ಯುಲನ್ ಪೈಕ್ ಎಂಬ ಅಮೆರಿಕಾದ ಸೇನಾಧಿಕಾರಿಯು ಬುಗ್ಗೆಗಳ ವಿಷಯವನ್ನು ದಿನಚರಿಯಲ್ಲಿ ಬರೆದನು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆಂಟೋನಿಯೋ ಜೋಸೆಫ್ ಎಂಬ ವರ್ತಕ ರಾಜಕಾರಣಿಯು ಇಲ್ಲಿ ಸ್ನಾನಗೃಹವನ್ನೂ ವಸತಿಯನ್ನೂ ನಡೆಸಿದನು. ಅಂದಿನಿಂದ ನೀರಿಗೆ ದರವುಂಟು.

ದಿಬ್ಬದ ಮೇಲಣ ಗ್ರಾಮದ ಗೋಡೆಗಳು ಕರಗಿ ಮತ್ತೆ ಮಣ್ಣಾಗಿವೆ. ಆ ಮಣ್ಣಿನ ಮೇಲೆ ಮಡಕೆಯ ಚೂರುಗಳು ಚೆಲ್ಲಿಕೊಂಡಿವೆ, ಮರಿಯಾಳಿಗೆ ತೋರಿಸಿದಂತಹವೇ. 1979ರ ಕಾಯಿದೆಯ ಮೇರೆಗೆ ಅವುಗಳಲ್ಲಿ ಒಂದನ್ನೂ ಯಾರೂ ಒಯ್ಯಕೂಡದು.