ವಾರಾನ್ನದ ಏಳು ಬಾಗಿಲು

ವಿದ್ಯಾರ್ಥಿಯ ಬಡತನವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅವನ ಸಂಕೋಚವನ್ನು ಕುರಿತು ಬರೆದದ್ದು ಕಡಮೆ. ಕಷ್ಟವನ್ನು ಅನುಭವಿಸುವುದಕ್ಕಿಂತ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಎಷ್ಟೋ ವೇಳೆ ದುಸ್ತರ. ಓದುವ ಮಕ್ಕಳಿಗೆ ನಮ್ಮ ನಾಡು ನೆರವಾದ ಬಗೆಗಳನ್ನು ಸಾಲಾಗಿಟ್ಟು ನೋಡಿದರೆ, ಆ ಚರಿತ್ರೆಯು ಈ ಸಂಕೋಚವನ್ನು ಮೆಲ್ಲಮೆಲ್ಲನೆ ಕಳೆದ ಚರಿತ್ರೆಯಾಗಿ ಕಾಣುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ನಿಂತು ನೋಡುವವರಿಗೆ ಅದರ ಹೆಜ್ಜೆಗಳು ಸ್ಪಷ್ಟವಾಗಿ ತೋರುತ್ತವೆ.

ಮೊದಲನೆಯ ಹೆಜ್ಜೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ಹುಡುಗನ ಓದು ಸಾಗುತ್ತಿತ್ತು. ಊಟ ಹಾಕಿದ ತಾಯಂದಿರ ಔದಾರ್ಯ ಸಾಮಾನ್ಯವಾದುದಲ್ಲ. ಆದರೂ ಏಳು ಮನೆಯೆಂದರೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲಿಯೂ ಹುಡುಗ ಒಂದು ಕ್ಷಣ ತಡೆದು ನಿಲ್ಲಬೇಕು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಮೇಲಾಗಿ, ಈ ಬಾಗಿಲುಗಳು ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗೆ ಮಾತ್ರ ತೆರೆಯುತ್ತಿದ್ದುವು. ಮಿಕ್ಕ ಜಾತಿಗಳ ಹುಡುಗನಿಗೆ ಸಂಕೋಚಪಡುವುದಕ್ಕೂ ಬಾಗಿಲಿರಲಿಲ್ಲ.

ಎರಡನೆಯ ಹೆಜ್ಜೆ ಉಚಿತ ವಿದ್ಯಾರ್ಥಿನಿಲಯ. ದುರ್ಗದ ಸೀಮೆ ಮಳೆಯನ್ನು ನೆಚ್ಚಿದ ನಾಡು. ಹಿರಿಯೂರಿನ ಬಳಿ ವೇದಾವತಿಗೆ 1907ರಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಮುಗಿದ ಮೇಲೂ ಬಹುಭಾಗದ ಹೊಲಗಳು ಮುಗಿಲನ್ನೇ ನೋಡುತ್ತಿದ್ದುವು. ಅಂಥ ಹೊಲವನ್ನು ನಂಬಿದ ಹಳ್ಳಿಯ ರೈತ, ಹೈಸ್ಕೂಲಿರುವ ಪಟ್ಟಣದಲ್ಲಿ ಮಗನನ್ನು ಇಟ್ಟು ಓದಿಸುವುದೆಂತು? ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಚಿತ್ರದುರ್ಗ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರುಗಳಲ್ಲಿ ತೆರೆಸಿದ ವಿದ್ಯಾರ್ಥಿನಿಲಯಗಳು ಈ ಪ್ರಶ್ನೆಗೆ ಉತ್ತರವಾದುವು. ಆಮೇಲೆ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಹಳ್ಳಿಗಾಡಿನಲ್ಲಿಯೇ ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ಕಟ್ಟಿಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರವರು ಅಸ್ಪೃಶ್ಯರೆಂದು ದೂರವಿಟ್ಟ ಮನೆಗಳ ಮಕ್ಕಳಿಗೆ ವಿದ್ಯಾರ್ಥಿನಿಲಯ ನಡೆಸಿ ತಮ್ಮವರ ಮುನಿಸನ್ನು ಕಟ್ಟಿಕೊಂಡರು.

ಪ್ರಸಾದನಿಲಯದ ದೊಡ್ಡ ಗುಣ ಅನ್ನವಲ್ಲ, ಪಂಕ್ತಿ. ಗಂಟೆ ಬಾರಿಸಿತು, ಎಲ್ಲರೂ ಕುಳಿತರು, ಬಡಿಸುವವನು ಸಾಲು ಹಿಡಿದು ಬಡಿಸಿದನು. ಅಲ್ಲಿ ಯಾರೂ ಬೇಡುವುದಿಲ್ಲ. ಆದಕಾರಣ ಯಾರೂ ನಾಚುವುದಿಲ್ಲ. ಮೂರನೆಯ ಹೆಜ್ಜೆಯಾಗಿ ಸರ್ಕಾರವೇ ವಿದ್ಯಾರ್ಥಿನಿಲಯಗಳನ್ನು ನಡೆಸತೊಡಗಿತು. 1970ರ ದಶಕದಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಹಿಂದುಳಿದ ವರ್ಗಗಳ ಮಾತು ರಾಜ್ಯದ ನೀತಿಯ ನಡುವಿಗೆ ಬಂದಿತು. ಹಾವನೂರು ಆಯೋಗದ ವರದಿ ಹೊರಬಿದ್ದುದು 1975ರಲ್ಲಿ. ಒಬ್ಬರ ದಯೆಯಾಗಿದ್ದ ಊಟ ಹೀಗೆ ಹಕ್ಕಾಯಿತು. ಹಕ್ಕನ್ನು ಕೇಳುವವನು ತಲೆ ತಗ್ಗಿಸಬೇಕಾಗಿಲ್ಲ.

ಆದರೆ ಊಟ ಮತ್ತು ಸೂರು ದೊರೆತ ಮೇಲೂ ಉಳಿಯುವ ಸಂಕಟವೊಂದಿದೆ. ಅದು ಮನಸ್ಸಿನದು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರು ತಂದೆತಾಯಿಗಳನ್ನು ಕಳೆದುಕೊಂಡವರು. 1926ರಲ್ಲಿ ಅವರು ಕಾಯಿಲೆ ಬಿದ್ದಾಗ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಮುಂದೆ ಸುಮಾರು ಹತ್ತು ವರ್ಷ ಅದೇ ಅವರ ಮನೆಯಾಯಿತು. ಅದೇ ಕಾಲದಲ್ಲಿ ಅವರಿಗೆ ಎಂ.ಎ. ತರಗತಿಯಲ್ಲಿ ಗುರುಗಳಾಗಿ ದೊರೆತವರು ನಮ್ಮ ಜಿಲ್ಲೆಯ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಅನಂತರ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಿತವಾಯಿತು. ಒಬ್ಬ ಅಧ್ಯಾಪಕನ ವಾತ್ಸಲ್ಯ ವಿದ್ಯಾರ್ಥಿಯ ಬಾಳಿನಲ್ಲಿ ಎಷ್ಟು ದೂರ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಎಲ್ಲ ವಿದ್ಯಾರ್ಥಿಗಳಿಗೂ ಇಂಥವರು ದೊರೆಯುವುದು ಅದೃಷ್ಟದ ಮಾತು. ಅದೃಷ್ಟವನ್ನು ವ್ಯವಸ್ಥೆಯನ್ನಾಗಿ ಮಾಡುವುದು ಹೇಗೆಂಬುದೇ ನಮ್ಮ ಕಾಲದ ಪ್ರಶ್ನೆ.

ವಿದ್ಯೆಗೆ ಕೊರತೆಯಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಮಾತನಾಡಬಹುದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ನಿರ್ದೇಶಿಸಿತು.

ಇಷ್ಟಾದರೂ ಬಾಗಿಲ ಸಮಸ್ಯೆ ಉಳಿದೇ ಇದೆ. ‘ಆಪ್ತಸಮಾಲೋಚನೆ’ ಎಂದು ಫಲಕ ಹಾಕಿದ ಕೊಠಡಿಯ ಮುಂದೆ ನಿಂತ ಹುಡುಗಿಯನ್ನು ವರಾಂಡದಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಮರುದಿನ ತರಗತಿಯಲ್ಲಿ ಪಿಸುಮಾತು. ಹೊಳಲ್ಕೆರೆಯಿಂದಲೋ ಹೊಸದುರ್ಗದಿಂದಲೋ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳಿಗೆ ಬಸ್ಸಿನ ಹೊತ್ತು ಮೀರುವ ಭಯ ಬೇರೆ. ನಾವು ಅನ್ನದ ವಿಷಯದಲ್ಲಿ ಪಂಕ್ತಿಯವರೆಗೆ ಬಂದೆವು. ಮನಸ್ಸಿನ ವಿಷಯದಲ್ಲಿ ಇನ್ನೂ ವಾರಾನ್ನದ ಬಾಗಿಲಲ್ಲಿಯೇ ಇದ್ದೇವೆ.

ಪಂಕ್ತಿಯ ನೀತಿಯನ್ನು ಇಲ್ಲಿಗೂ ತರಬಹುದು. ವರ್ಷಾರಂಭದಲ್ಲಿ ಹಾಜರಿ ಪಟ್ಟಿಯ ಕ್ರಮದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಸಮಾಲೋಚಕರನ್ನು ಒಮ್ಮೆ ಕಂಡು ಬರಲಿ; ಎಲ್ಲರೂ ಹೋಗುವ ಕೊಠಡಿಗೆ ಹೋಗಲು ಯಾರಿಗೆ ನಾಚಿಕೆ? ಸತತವಾಗಿ ಗೈರುಹಾಜರಾದವನ ಹೆಸರಿನ ಮುಂದೆ ಗೀಟು ಎಳೆದು ಸುಮ್ಮನಾಗದೆ ಅಧ್ಯಾಪಕರು ಅವನನ್ನು ವಿಚಾರಿಸಲಿ. ಅಂಕ ಹಾಕುವವರೇ ಅಂತರಂಗವನ್ನು ಕೇಳುವವರಾಗದಿರಲಿ. ಇನ್ನೊಂದು ಮಾತು: ಅನ್ನವಿಟ್ಟವರ ಮೇಲೆಯೇ ದೂರಿದ್ದರೆ ನಿಲಯದ ಮಗು ಅದನ್ನು ಅವರಲ್ಲಿಯೇ ಹೇಳಲಾರದು. ಆದ್ದರಿಂದ ಪ್ರತಿಯೊಂದು ವಿದ್ಯಾರ್ಥಿನಿಲಯದ ಮಕ್ಕಳಿಗೂ ಆ ಸಂಸ್ಥೆಯ ಹಂಗಿಲ್ಲದ ಹೊರಗಿನ ಬಾಗಿಲೊಂದು ತಿಳಿದಿರಬೇಕು.

ಹಸಿದವನು ಕೇಳಲೆಂದು ಕಾಯಬಾರದೆಂಬುದನ್ನು ನಮ್ಮ ಹಿರಿಯರು ಕಂಡುಕೊಂಡರು. ಆದ್ದರಿಂದ ನಿಲಯಗಳನ್ನು ಕಟ್ಟಿದರು. ಮನನೊಂದವನು ಹಸಿದವನಿಗಿಂತಲೂ ಮೌನಿ. ಅವನು ಬಾಯಿ ತೆರೆಯುವ ಮೊದಲೇ ಅವನ ಬಳಿಗೆ ಹೋಗುವ ಕಾಲೇಜು ಮಾತ್ರ ಆ ಹಿರಿಯರ ಕೆಲಸವನ್ನು ಮುಂದುವರಿಸಿದಂತಾಗುತ್ತದೆ.