ಮಲಯಾಳ ಚಲಚ್ಚಿತ್ರಗಳ ಗುಣದೋಷ ವಿಚಾರ: ರೋಸಿ ಮತ್ತು ನೀಲಿ

ಚಲಚ್ಚಿತ್ರವೊಂದರ ಗುಣದೋಷಗಳನ್ನು ವಿವೇಚಿಸುವಾಗ ಕಥೆ, ಅಭಿನಯ, ಸಂಗೀತ, ಛಾಯಾಗ್ರಹಣ ಇವುಗಳನ್ನು ಒಂದೊಂದಾಗಿ ತೂಗಿ ನೋಡುವುದು ವಿಮರ್ಶಕರ ವಾಡಿಕೆ. ಯಾವ ಪಾತ್ರವನ್ನು ಧರಿಸುವ ಅಧಿಕಾರ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬ ಪ್ರಶ್ನೆ ಮಾತ್ರ ಬಹುಕಾಲ ಆ ತಕ್ಕಡಿಯನ್ನು ಏರಲಿಲ್ಲ. ಕೇರಳದ ಚಿತ್ರೇತಿಹಾಸದಲ್ಲಿ ಈ ಪ್ರಶ್ನೆಯು ಮೊತ್ತಮೊದಲ ಚಿತ್ರದೊಡನೆಯೇ ಹುಟ್ಟಿತು.

ಜೆ. ಸಿ. ಡೇನಿಯಲ್ ಅವರು ನಿರ್ಮಿಸಿ ನಿರ್ದೇಶಿಸಿದ 'ವಿಗತಕುಮಾರನ್' ಎಂಬ ಮೂಕಚಿತ್ರವು ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ತೆರೆ ಕಂಡಿತು. ಆ ವರ್ಷ 1928 ಎಂದು ಒಂದು ಪಕ್ಷ, 1930 ಎಂದು ಇನ್ನೊಂದು ಪಕ್ಷ. ನಾಯಿಕೆಯಾಗಿ ನಟಿಸಿದವರು ಪಿ. ಕೆ. ರೋಸಿ ಎಂಬ ದಲಿತ ತರುಣಿ. ಧರಿಸಿದ್ದು ನಾಯರ್ ಮನೆತನದ ಸರೋಜಿನಿಯ ಪಾತ್ರ. ಮೇಲ್ಜಾತಿಯ ಪ್ರೇಕ್ಷಕರಿಗೆ ಇದು ಸಹನೆಯಾಗಲಿಲ್ಲ. ತೆರೆಗೆ ಕಲ್ಲು ಬಿತ್ತು. ರೋಸಿ ಊರನ್ನೇ ತೊರೆಯಬೇಕಾಯಿತು. ಡೇನಿಯಲ್ ಅವರೂ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡರು. ಚಿತ್ರದ ಪ್ರತಿ ಉಳಿದಿಲ್ಲವಾದುದರಿಂದ ಆಕೆಯ ಅಭಿನಯ ಹೇಗಿತ್ತೆಂದು ಇಂದು ಯಾರೂ ನೋಡಿ ಹೇಳುವಂತಿಲ್ಲ. ಕಲೆಯ ತೀರ್ಪಿಗೆ ಮುನ್ನವೇ ಜಾತಿಯ ತೀರ್ಪು ಬಂದುಬಿಟ್ಟಿತ್ತು.

1954ರಲ್ಲಿ ಬಂದ 'ನೀಲಕ್ಕುಯಿಲ್' ಮಲಯಾಳ ಚಿತ್ರಗಳಿಗೆ ರಾಷ್ಟ್ರದ ಗಮನವನ್ನು ತಂದುಕೊಟ್ಟಿತು. ಕೊಚ್ಚಿಯ ಟಿ. ಕೆ. ಪರೀಕುಟ್ಟಿ ಇದರ ನಿರ್ಮಾಪಕರು, ಕಥೆ ಉರೂಬರದು, ನಿರ್ದೇಶನ ಪಿ. ಭಾಸ್ಕರನ್ ಮತ್ತು ರಾಮು ಕಾರ್ಯಾಟ್ ಇವರದು. ಅದಕ್ಕೆ ರಾಷ್ಟ್ರಪತಿಗಳ ರಜತ ಪದಕ ದೊರೆತ ವರ್ಷದ ಪ್ರಶಸ್ತಿಗಳಲ್ಲಿಯೇ ನಮ್ಮ 'ಬೇಡರ ಕಣ್ಣಪ್ಪ'ಕ್ಕೂ ಪ್ರಶಸ್ತಿಪತ್ರ ಬಂದುದನ್ನು ಕನ್ನಡಿಗರು ನೆನೆಯಬಹುದು. ಹಿಂದಿ ಮಟ್ಟುಗಳ ಎರವಲಿಗೆ ಒಗ್ಗಿಹೋಗಿದ್ದ ಕಿವಿಗಳಿಗೆ ಕೆ. ರಾಘವನ್ ಅವರು ನಾಡಿನ ಜಾನಪದ ಧಾಟಿಗಳನ್ನೂ ಮಾಪ್ಪಿಳ್ಳೆ ಹಾಡಿನ ಲಯವನ್ನೂ ಕೇಳಿಸಿದ್ದು ಚಿತ್ರದ ನಿಸ್ಸಂಶಯವಾದ ಗುಣ. ಅಸ್ಪೃಶ್ಯತೆಯ ಕ್ರೌರ್ಯವನ್ನು ನೇರವಾಗಿ ಕಥಾವಸ್ತುವಾಗಿಸಿದ ಧೈರ್ಯವೂ ಸಣ್ಣದಲ್ಲ.

ಆದರೆ ಆ ಕಥೆಯನ್ನೇ ಸ್ವಲ್ಪ ನಿಧಾನಿಸಿ ನೋಡಬೇಕು. ಪುಲಯರ ಹುಡುಗಿ ನೀಲಿಯನ್ನು ಉಪಾಧ್ಯಾಯ ಶ್ರೀಧರನ್ ನಾಯರ್ ಪ್ರೇಮಿಸಿ, ಆಕೆ ಗರ್ಭವತಿಯಾದಾಗ ಕೈಬಿಡುತ್ತಾನೆ. ಆಕೆ ಮಗುವನ್ನು ಹೆತ್ತು ಸಾಯುತ್ತಾಳೆ. ಅಂಚೆಯವನಾದ ಶಂಕರನ್ ನಾಯರ್ ಮಗುವನ್ನು ಸಾಕುತ್ತಾನೆ. ಕೊನೆಗೆ ತಂದೆ ಅದನ್ನು ಒಪ್ಪಿಕೊಳ್ಳುತ್ತಾನೆ. ಎಂದರೆ ಅನ್ಯಾಯಕ್ಕೊಳಗಾದವಳು ನಡುವೆಯೇ ಮರೆಯಾಗಿ, ಉಳಿದ ಚಿತ್ರವು ಒಬ್ಬ ನಾಯರನ ಪಶ್ಚಾತ್ತಾಪಕ್ಕೂ ಮತ್ತೊಬ್ಬನ ಔದಾರ್ಯಕ್ಕೂ ಸಲ್ಲುತ್ತದೆ. ನೀಲಿಯಾಗಿ ನಟಿಸಿದವರು ಕ್ರೈಸ್ತ ಕುಟುಂಬದ ಮಿಸ್ ಕುಮಾರಿ. ಅವರ ಅಭಿನಯದಲ್ಲಿ ಕೊರತೆಯೇನೂ ಇಲ್ಲ. ಆದರೂ, ದಲಿತ ನಟಿಯೊಬ್ಬಳು ನಾಯರ್ ಸ್ತ್ರೀಯಾದಾಗ ಕಲ್ಲೆಸೆದ ಸಮಾಜವೇ ಅನ್ಯ ಕುಲದ ನಟಿ ದಲಿತಳಾದಾಗ ಚಪ್ಪಾಳೆ ತಟ್ಟಿತೆಂಬ ವೈಪರೀತ್ಯವನ್ನು ಗಮನಿಸದೆ ಈ ಚಿತ್ರದ ಬೆಲೆ ಕಟ್ಟುವುದು ಅಪೂರ್ಣ.

'ಚೆಮ್ಮೀನ್' (1965) ಚಿತ್ರಕ್ಕೂ ಕೊಚ್ಚಿಯವರೇ ಆದ ಬಾಬು ಇಸ್ಮಾಯಿಲ್ ಸೇಟ್ ಬಂಡವಾಳ ಹೂಡಿದರು. ದಕ್ಷಿಣ ಭಾರತಕ್ಕೆ ರಾಷ್ಟ್ರಪತಿಗಳ ಸ್ವರ್ಣ ಪದಕ ಬಂದುದು ಅದರಿಂದಲೇ ಮೊದಲು. ಮಾರ್ಕಸ್ ಬಾರ್ಟ್ಲಿಯವರ ಕ್ಯಾಮರಾ ಹಿಡಿದ ಕಡಲು ಕಥೆಗಿಂತ ದೊಡ್ಡದು. ಮಡದಿಯ ಶೀಲವೇ ಬೆಸ್ತನನ್ನು ಕಡಲಿನಲ್ಲಿ ಕಾಯುವುದೆಂಬ ನಂಬಿಕೆಯನ್ನು ಮಾತ್ರ ಚಿತ್ರವು ಪರೀಕ್ಷಿಸದೆ, ಕೊನೆಯ ದುರಂತದಲ್ಲಿ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಅದೇ 1965ರಲ್ಲಿ ತಿರುವನಂತಪುರದಲ್ಲಿ ಅಡೂರ್ ಗೋಪಾಲಕೃಷ್ಣನ್ ಮೊದಲಾದವರು ಚಿತ್ರಲೇಖಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಕಥೆಯನ್ನಷ್ಟೇ ಅಳೆಯುತ್ತಿದ್ದ ವಿಮರ್ಶೆಗೆ ದೃಶ್ಯ, ಸಂಕಲನ, ಮೌನಗಳ ಪರಿಭಾಷೆ ದೊರಕುವಂತಾದುದು ಇಂತಹ ಸಂಘಗಳಿಂದ. ಹಳೆಯ ಪ್ರಶ್ನೆ ಮಾತ್ರ ಉಳಿದೇ ಇತ್ತು. ಕನ್ನಡದಲ್ಲಿಯೂ 'ಸಂಸ್ಕಾರ' (1970) ಚಿತ್ರದ ಚರ್ಚೆಯೆಲ್ಲ ಪ್ರಾಣೇಶಾಚಾರ್ಯರ ಧರ್ಮಸಂಕಟದ ಸುತ್ತಲೇ ಬೆಳೆಯಿತಲ್ಲದೆ, ಹೆಣಕ್ಕೆ ಸಂಸ್ಕಾರ ಮಾಡಿಸಿ ಅಗ್ರಹಾರದಿಂದ ಹೊರಟುಹೋದ ಚಂದ್ರಿಯನ್ನು ಹಿಂಬಾಲಿಸಿದವರು ವಿರಳ.

ಮರೆವಿನಲ್ಲಿದ್ದ ಡೇನಿಯಲ್ ಅವರನ್ನು ಪತ್ರಕರ್ತ ಚೇಲಂಗಾಟ್ ಗೋಪಾಲಕೃಷ್ಣನ್ ಬೆಳಕಿಗೆ ತಂದರು. 1992ರಲ್ಲಿ ಕೇರಳ ಸರಕಾರ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. 2013ರಲ್ಲಿ ತೆರೆಗೆ ಬಂದ ಕಮಲ್ ಅವರ 'ಸೆಲ್ಯುಲಾಯ್ಡ್' ಡೇನಿಯಲ್ ಅವರ ಬಾಳಿನ ಕಥೆ. ರೋಸಿಯ ಅವಮಾನವನ್ನು ಅದು ಮನ ಕಲಕುವಂತೆ ಚಿತ್ರಿಸುತ್ತದೆ, ನಿಜ. ಆದರೆ ಆಕೆ ಓಡಿಹೋದ ಮೇಲೆ ಚಿತ್ರವು ಡೇನಿಯಲ್ ಅವರೊಡನೆಯೇ ಮುಂದೆ ಸಾಗುತ್ತದೆ. ನೀಲಿಯಂತೆ ರೋಸಿಯೂ ನಡುವೆ ಮರೆಯಾಗುತ್ತಾಳೆ. ಚಿತ್ರೋದ್ಯಮದ ಸ್ತ್ರೀಯರ ಸಂಘಟನೆಯು ಆಕೆಯ ಹೆಸರಿನಲ್ಲಿ ಒಂದು ಫಿಲ್ಮ್ ಸೊಸೈಟಿಯನ್ನು ತೆರೆದುದು 2019ರಲ್ಲಿ.